ಕಲಶದಲ್ಲಿದ್ದ ಕಡಲಮಣ್ಣು

"ಇದು ಮೂಳೆ ಸುಟ್ಟ ಬೂದಿ ಅಲ್ವೇ ಅಲ್ಲ, ಗೌರಿ."

ಗೌರಿಯ ಗೆಳೆಯ, ರಸಾಯನ ಪರೀಕ್ಷಕ ಉತ್ತಮ್ ಹಾಗೆನ್ನುತ್ತಲೇ ಗಾಜಿನ ತಟ್ಟೆಯ ಮೇಲಿದ್ದ ಚಿಟಿಕೆ ಪುಡಿಗೆ ಒಂದು ಹನಿ ಆಸಿಡ್ ಬಿಟ್ಟ. ಪುಡಿ ಬುಸ್ಸೆಂದು ನೊರೆಯೆದ್ದು ತಟ್ಟೆಯ ಅಂಚಿನವರೆಗೂ ಉಕ್ಕಿತು.

ಗೌರಿ ಕಣ್ಣು ಮಿಟುಕಿಸದೆ ನೋಡುತ್ತಿದ್ದಳು. ಅಡಿಲೇಡಿನ ಆ ಪ್ರಯೋಗಾಲಯದ ಕಿಟಕಿಯಾಚೆ ಆಗಸ್ಟ್ ತಿಂಗಳ ಚಳಿಮಳೆ ಹಿಡಿದಿತ್ತು. ಒಳಗೆ ಹೀಟರ್ ಇದ್ದರೂ ಅವಳು ಜಾಕೆಟ್ ತೆಗೆದಿರಲಿಲ್ಲ.

"ಖಂಡಿತಾನಾ?"

"ಮೂಳೆ ಆಗಿದ್ರೆ ಫಾಸ್ಫರಸ್ ತುಂಬಿರ್ಬೇಕಿತ್ತು. ಇದರಲ್ಲಿ ಹುಡುಕಿ ಹುಡುಕಿ ಸಾಕಾಯ್ತು, ಅಷ್ಟು ಕಮ್ಮಿ. ಕ್ಯಾಲ್ಸಿಯಂ ಇದೆ, ಆದ್ರೆ ಸುಣ್ಣದ ರೂಪದಲ್ಲಿದೆ. ಅದಕ್ಕೇ ಹೀಗೆ ನೊರೆ ಬಂದದ್ದು. ಜೊತೆಗೆ ಜೇಡಿ, ಸ್ಟ್ರಾನ್ಷಿಯಂ, ಒಂದಷ್ಟು ಉಪ್ಪು. ಇದು ಮಣ್ಣು, ಗೌರಿ. ನೀರಿನ ತಳದಲ್ಲಿ ಕೂತ ಮಣ್ಣು."

ಅದು ಬಂದದ್ದು ಅಸ್ಥಿಕಲಶದಿಂದ. ಬ್ರಿಸ್ಬೇನಿನ ಕ್ಯಾಲಮ್‌ವೇಲ್‌ನಲ್ಲಿರುವ ತುಂಗಮ್ಮ ತಮ್ಮ ಮಗ ಶ್ರೇಯಸನ ಅಸ್ಥಿಯೆಂದು ಎರಡು ವರ್ಷದಿಂದ ಕಾಪಾಡಿಕೊಂಡು ಬಂದಿದ್ದ ಕಲಶ. ಮನೆಯೊಳಗೆ ಇಡಬಾರದೆಂದು ಮನೆ ಹಿಂದಿನ ಜಗಲಿಯಂಥ ಪ್ಯಾಟಿಯೋದ ಗೂಡಿನಲ್ಲಿಟ್ಟು, ದಿನಾ ಬೆಳಿಗ್ಗೆ ಅದರ ಮುಂದೆ ಒಂದು ಹೂವಿಡುತ್ತಿದ್ದರು. ಸೊಸೆಯ ಮನಸ್ಸು ಗಟ್ಟಿಯಾಗಲಿ, ಆಮೇಲೆ ಕಾವೇರಿಯಲ್ಲಿ ಬಿಡೋಣ ಎಂದು ಕಾದಿದ್ದರು. ಈ ತಿಂಗಳು ಊರಿಗೆ ಹೊರಡುವ ಮುನ್ನ ಹಾಲು ಚಿಮುಕಿಸಲು ಮುಚ್ಚಳ ತೆಗೆದಾಗ, ಬೂದಿ ಬೆರಳಿಗೆ ಜೇಡಿಯಂತೆ ಅಂಟಿತು. ಅದರೊಳಗಿಂದ ಹೆಸರುಕಾಳಿನಷ್ಟು ದೊಡ್ಡ ಬಿಳಿ ಚಿಪ್ಪೊಂದು ಸಿಕ್ಕಿತು.

ತುಂಗಮ್ಮ ಸೊಸೆಗೆ ಹೇಳದೆ ಪರ್ತ್‌ನಲ್ಲಿದ್ದ ಪತ್ತೇದಾರಿಣಿ ಗೌರಿಗೆ ಫೋನ್ ಮಾಡಿ, ಒಂದಷ್ಟು ಬೂದಿಯನ್ನೂ ಆ ಚಿಪ್ಪನ್ನೂ ಕಳಿಸಿಕೊಟ್ಟಿದ್ದರು. "ನಿಸರ್ಗ ಈಗೀಗ ಟೀವಿ ನೋಡ್ತಾ ನಗೋಕೆ ಶುರು ಮಾಡಿದ್ದಾಳಮ್ಮ. ಅವಳ ಕಿವಿಗೆ ಬೀಳೋದು ಬೇಡ."

ಉತ್ತಮ್ ಚಿಪ್ಪನ್ನು ಚಿಮಟಿಗೆಯಲ್ಲಿ ಎತ್ತಿ ದೀಪದ ಕೆಳಗೆ ಹಿಡಿದ.

"ಇದರ ಉಪ್ಪು ನೋಡಿ ಮೊದಲು ನನಗೆ ಅನುಮಾನ ಬಂತು. ಸಾಗರದ ಉಪ್ಪಿಗಿಂತ ಇದರಲ್ಲಿ ಸಲ್ಫೇಟ್ ಪಾಲು ತುಂಬಾ ಜಾಸ್ತಿ. ಸುತ್ತ ನೆಲವೇ ಇರೋ ಕಡಲಿನ ಗುರುತು ಅದು. ಈ ಚಿಪ್ಪು ನೋಡಿದ ಮೇಲೆ ಅನುಮಾನವೂ ಉಳೀಲಿಲ್ಲ. ಈ ಜಾತಿ ಈಗ ಬದುಕಿರೋದು ಕ್ಯಾಸ್ಪಿಯನ್ ಸಮುದ್ರದಲ್ಲಿ ಮಾತ್ರ."

ಕ್ಯಾಸ್ಪಿಯನ್. ಶ್ರೇಯಸ ಸತ್ತದ್ದು ಅಲ್ಲೇ. ಆ ಕಡಲಿನ ತಳದ ಮಣ್ಣಿನಲ್ಲಿ ಯಾವ ಯಾವ ಧಾತು ಎಷ್ಟೆಷ್ಟಿದೆಯೆಂದು ಅಳೆಯಲು ಹೋದ ಸರ್ವೇ ಹಡಗಿನಲ್ಲಿ ಅವನೂ, ಅವನ ಮೈಸೂರಿನ ಕಾಲೇಜು ಗೆಳೆಯ ಹರ್ಷವರ್ಧನನೂ ಇದ್ದರು. ಅಸ್ಥಿ ತಂದುಕೊಟ್ಟವನು ಹರ್ಷವರ್ಧನ.

"ಆ ತಾಯಿಗೆ ಏನಂತ ಹೇಳ್ತೀಯ?" ಉತ್ತಮ್ ಮೆಲ್ಲಗೆ ಕೇಳಿದ.

ಒಂದು ಕಾಲದಲ್ಲಿ ಗೌರಿಯೂ ಪೊಲೀಸರ ಪ್ರಯೋಗಾಲಯದಲ್ಲಿ ಕೆಲಸ ಮಾಡಿದವಳು. ವರದಿ ಬರೆದು ಕಳಿಸಿದರೆ ಅಲ್ಲಿಗೆ ತನ್ನ ಕೆಲಸ ಮುಗಿಯುತ್ತಿತ್ತು. ಅದನ್ನು ಓದಿದ ಮನೆಯವರು ಆಮೇಲೆ ಏನಾದರೆಂದು ತಿಳಿಯುತ್ತಲೇ ಇರಲಿಲ್ಲ. ಅದನ್ನು ಸಹಿಸಲಾಗದೆಯೇ ಕೆಲಸ ಬಿಟ್ಟು ಪತ್ತೇದಾರಿಕೆಯ ಲೈಸೆನ್ಸ್ ತೆಗೆದುಕೊಂಡಿದ್ದಳು. ಈಗ ಮನೆಯವರ ಮುಖ ನೋಡುವ ಸರದಿ ಬಂದಿತ್ತು.

"ಮೊದಲು ಹರ್ಷವರ್ಧನನ್ನ ಮಾತಾಡಿಸ್ಬೇಕು," ಎಂದಳು.

*

ಪರ್ತ್ ಹೊರವಲಯದ ಸ್ವಾನ್ ವ್ಯಾಲಿಯಲ್ಲಿ ಬಿಸಿಲಿತ್ತು. ಎಲೆಯುದುರಿದ ದ್ರಾಕ್ಷಿ ಬಳ್ಳಿಗಳು ತಂತಿಗಳ ಮೇಲೆ ಕೈಚಾಚಿ ನಿಂತಿದ್ದವು. ಸಾಲಿನ ಕೊನೆಯಲ್ಲಿ ಒಬ್ಬ ತೆಳ್ಳನೆಯ ಮನುಷ್ಯ ಕತ್ತರಿ ಹಿಡಿದು ಬಳ್ಳಿ ಸವರುತ್ತಿದ್ದ.

"ಹರ್ಷವರ್ಧನ್?"

ಕನ್ನಡದ ಉಚ್ಚಾರಕ್ಕೇ ಅವನು ತಿರುಗಿದ. ಮೂವತ್ತೈದರ ಆಸುಪಾಸು, ಆದರೆ ಕಿವಿಯ ಮೇಲಿನ ಕೂದಲು ಪೂರ್ತಿ ನರೆತಿತ್ತು.

"ನಾನು ಗೌರಿ. ತುಂಗಮ್ಮನವರ ಕಡೆಯಿಂದ ಬಂದಿದ್ದೀನಿ."

ಅವನ ಕೈಯಲ್ಲಿದ್ದ ಕತ್ತರಿ ನಿಂತುಬಿಟ್ಟಿತು. "ಆಂಟಿ ಹುಷಾರಾಗಿದ್ದಾರಾ?"

"ಹುಷಾರಾಗಿದ್ದಾರೆ. ನೀವು ಫೋನ್ ಮಾಡ್ತಾ ಇಲ್ಲ ಅಂತ ಬೇಜಾರು ಅವರಿಗೆ."

"ಮಾಡೋಕಾಗ್ಲಿಲ್ಲ..." ಅವನು ಕತ್ತರಿಯನ್ನು ಜೇಬಿಗೆ ಸೇರಿಸಿದ. "ಆ ಕೆಲಸಾನೇ ಬಿಟ್ಬಿಟ್ಟೆ. ಹಡಗು, ಲ್ಯಾಬ್, ಎಲ್ಲ. ಇಲ್ಲಿ ಬಳ್ಳಿಗಳ ಜೊತೆ ಪರವಾಗಿಲ್ಲ. ಯಾರೂ ಏನೂ ಕೇಳಲ್ಲ."

"ನಾನು ಕೇಳೋಕೇ ಬಂದಿದ್ದೀನಿ."

ಅವನು ತಲೆತಗ್ಗಿಸಿದ. ಅವಳು ಏನು ಕೇಳುತ್ತಾಳೆಂದು ಅವನಿಗೆ ಗೊತ್ತಿತ್ತು. ಅದು ಗೌರಿಗೂ ಗೊತ್ತಾಯಿತು.

"ಕಲಶದಲ್ಲಿ ಶ್ರೇಯಸ ಇಲ್ಲ ಅಲ್ವಾ, ಹರ್ಷ?"

ಸುಳ್ಳು ಹೇಳುತ್ತಾನೆ, ಕೂಗಾಡುತ್ತಾನೆ, ಇಲ್ಲವೆ ಕಾರು ಹತ್ತಿ ಹೊರಟೇ ಹೋಗುತ್ತಾನೆ ಎಂದು ಗೌರಿ ಎಲ್ಲಕ್ಕೂ ತಯಾರಾಗಿ ಬಂದಿದ್ದಳು. ಅವನು ಅದ್ಯಾವುದನ್ನೂ ಮಾಡಲಿಲ್ಲ. ಸಾಲಿನ ನಡುವಿನ ಹಸಿ ಹುಲ್ಲಿನ ಮೇಲೆ ಕುಸಿದು ಕುಳಿತು ಮಂಡಿಯಲ್ಲಿ ಮುಖ ಹುದುಗಿಸಿದ. ಗೌರಿಯೂ ಎದುರಿಗೆ ಕುಳಿತಳು.

"ಇಲ್ಲ," ಎಂದ ಕೊನೆಗೆ. "ಶ್ರೇಯಸ ಇಲ್ಲ. ಅವನ ಒಂದು ಕೂದಲೂ ನಮಗೆ ಸಿಗ್ಲಿಲ್ಲ."

"ಏನಾಯ್ತು ಅವತ್ತು?"

"ತಳದ ಮಣ್ಣು ತುಂಬಿದ ಕೊಳವೆ ಮೇಲಕ್ಕೆ ಬರ್ತಾ ಇತ್ತು. ಗಾಳಿ ಜೋರಾಗಿತ್ತು. ನಾಳೆ ಎತ್ತೋಣ ಬಾರೋ ಅಂದೆ. 'ಇಷ್ಟು ಆಳದ ಮಣ್ಣು ಇನ್ನೆಲ್ಲಿ ಸಿಗುತ್ತೆ' ಅಂತ ಅವನೇ ಅಂಚಿಗೆ ಹೋಗಿ ಕೊಳವೆ ತಬ್ಬಿ ಒಳಗೆ ಎಳಕೊಂಡ. ಕೊಳವೆ ಡೆಕ್ ಮೇಲೆ ಬಿತ್ತು. ಅದೇ ಹೊತ್ತಿಗೆ ಅಲೆ ಬಂತು." ಅವನು ಅಂಗೈ ತಿರುವಿ ನೋಡಿಕೊಂಡ. "ನಾನು ಮಣ್ಣನ್ನ ಹಿಡ್ಕೊಂಡಿದ್ದೆ. ಅವನನ್ನ ಹಿಡ್ಕೊಳ್ಳಲಿಲ್ಲ."

"ಹುಡುಕಲಿಲ್ವಾ?"

"ವಾರಗಟ್ಟಲೆ ಹುಡುಕಿದ್ರು. ನಾನು ದಡದ ಊರು ಬಾಕುವಿನಲ್ಲೇ ಉಳಕೊಂಡೆ. ದಿನಾ ಆಂಟಿ ಫೋನು. 'ಮುಖ ನೋಡೋ ಹಾಗಿಲ್ಲದಿದ್ರೆ ಬೇಡಪ್ಪ, ಅಲ್ಲೇ ದಹನ ಮಾಡಿ ಅಸ್ಥಿ ಆದ್ರೂ ತಗೊಂಡ್ಬಾ. ಬರಿಗೈಲಿ ಬರಬೇಡ ಮಗಾ' ಅಂದ್ರು." ಅವನ ದನಿ ಒಡೆಯಿತು. "ಬರಿಗೈಲೇ ಬರ್ತಿದ್ದೀನಿ ಅಂತ ಹೆಂಗೆ ಹೇಳಲಿ, ಮೇಡಂ? ಹೇಳೋಕೆ ಅಂತ್ಲೇ ಫೋನ್ ಎತ್ತೋದು. ಅವರ ದನಿ ಕೇಳಿದ ಕೂಡಲೇ ಹ್ಞೂಂ ಆಂಟಿ, ತರ್ತೀನಿ ಆಂಟಿ ಅಂದ್ಬಿಡ್ತಿದ್ದೆ."

"ಅದಕ್ಕೆ ಮಣ್ಣು ತುಂಬಿದ್ರಿ."

"ಆ ಕೊಳವೆದೇ ಮಣ್ಣು. ಅವನು ಕೊನೇ ಸಲ ತಬ್ಬಿಕೊಂಡದ್ದು ಅದನ್ನೇ ಅಲ್ವಾ? ಒಲೆಯಲ್ಲಿ ಒಣಗಿಸಿ, ಪುಡಿ ಮಾಡಿ, ನಾನೇ ಕಲಶಕ್ಕೆ ತುಂಬಿದೆ. ಹಡಗಿನ ಏಜೆಂಟ್ ಕಾಗದಪತ್ರ ಎಲ್ಲ ಮಾಡಿಸಿಕೊಡ್ತೀನಿ ಅಂತ ಕಲಶ ತಗೊಂಡ್ಹೋದ, ಅರಗು ಹಾಕಿಸಿ ಮಾರನೇ ದಿನ ವಾಪಸ್ ತಂದುಕೊಟ್ಟ. ಮನುಷ್ಯ ತುಂಬಾ ಒಳ್ಳೆಯವನು, ಒಂದು ಮಾತೂ ಕೇಳಲಿಲ್ಲ."

ಗೌರಿಗೆ ಅವನ ಮೇಲೆ ಸಿಟ್ಟು ಬರಲೇ ಇಲ್ಲ. ಬರಬೇಕಿತ್ತು ಎಂದುಕೊಂಡಳು. ಒಬ್ಬ ತಾಯಿ ಎರಡು ವರ್ಷ ಮಣ್ಣಿನ ಮುಂದೆ ಹೂವಿಡುವ ಹಾಗೆ ಮಾಡಿದವನು. ಆದರೆ ಆ ತಾಯಿಯ ದನಿ ಫೋನಿನಲ್ಲಿ ಹೇಗಿರುತ್ತದೆಂದು ಗೌರಿಯೂ ಕೇಳಿದ್ದಳು. ಆ ದನಿಗೆ 'ಏನೂ ಇಲ್ಲ' ಎಂದು ಹೇಳುವುದು ತನ್ನಿಂದಲೂ ಆಗುತ್ತಿತ್ತೋ ಇಲ್ಲವೋ.

ಸಂಚಿಯಿಂದ ಪುಡಿ, ಚಿಪ್ಪು ಎರಡೂ ಇದ್ದ ಪುಟ್ಟ ಪ್ಲಾಸ್ಟಿಕ್ ಪೊಟ್ಟಣ ತೆಗೆದು ಅವನ ಮುಂದಿಟ್ಟಳು. "ಒಂದು ಸಲ ನೋಡಿ ಗುರುತು ಹೇಳಿ. ಆಮೇಲೆ ನಾನು ಹೋಗ್ತೀನಿ."

ಅವನು ಕಣ್ಣೊರೆಸಿಕೊಂಡು ಪೊಟ್ಟಣ ಎತ್ತಿದ. ಬಿಸಿಲಿಗೆ ಹಿಡಿದ. ಹುಬ್ಬು ಗಂಟಿಕ್ಕಿದವು.

"ಇದೇನಿದು?"

"ಕಲಶದಲ್ಲಿದ್ದ ಮಣ್ಣು."

"ಇಲ್ಲ ಮೇಡಂ." ಅವನು ನೆಟ್ಟಗೆ ಕುಳಿತ. ಅಳುವ ಮನುಷ್ಯ ಹೋಗಿ ಮಣ್ಣು ಓದುವ ಮನುಷ್ಯ ವಾಪಸು ಬಂದಿದ್ದ. "ನಾನು ತುಂಬಿದ್ದು ಕಪ್ಪು ಮಣ್ಣು. ಅಷ್ಟು ಆಳದಲ್ಲಿ ನೀರಿಗೆ ಆಮ್ಲಜನಕ ಸಾಲಲ್ಲ. ಗಂಧಕ, ಕಬ್ಬಿಣ ಸೇರಿ ಮಣ್ಣು ಕರ್ರಗಿರುತ್ತೆ. ಒಣಗಿದ್ರೂ ಇಷ್ಟು ಬೆಳ್ಳಗೆ ಆಗಲ್ಲ. ಇದು ದಡದ ಹತ್ತಿರದ್ದು. ಮೊಣಕಾಲುದ್ದ ನೀರಿನದ್ದು. ಈ ಚಿಪ್ಪು ನೋಡಿ, ಇದು ಅಲ್ಲಿ ಆಳದಲ್ಲಿ ಬದುಕೋದೇ ಇಲ್ಲ."

"ಅಂದ್ರೆ?"

"ಇದು ನಾನು ತುಂಬಿದ ಮಣ್ಣಲ್ಲ. ತಾಯಾಣೆ."

ದೂರದಲ್ಲೆಲ್ಲೋ ಟ್ರ್ಯಾಕ್ಟರ್ ಒಂದು ಸದ್ದು ಮಾಡಿ ನಿಂತಿತು. ಗೌರಿ ಅವನ ಕಣ್ಣನ್ನೇ ನೋಡಿದಳು. ಅಲ್ಲಿ ಭಯವಿತ್ತು. ಆದರೆ ಅದು ಸಿಕ್ಕಿಬಿದ್ದವನ ಭಯವಲ್ಲ.

ಕಾರಿಗೆ ಮರಳಿದ ಮೇಲೆ ಅವಳು ಮೊದಲು ಮಾಡಿದ ಕೆಲಸವೆಂದರೆ ಉತ್ತಮ್‌ಗೆ ಫೋನ್.

"ಒಂದು ಮಣ್ಣು ಕಡಲಿನ ತಳ ಬಿಟ್ಟು ಎಷ್ಟು ಕಾಲ ಆಯ್ತು ಅಂತ ಹೇಳೋಕಾಗುತ್ತಾ?"

"ತುಂಬಾ ಹಳೇದಾದ್ರೆ ಕಷ್ಟ. ಹೊಸದಾದ್ರೆ ಹೇಳಬಹುದು," ಎಂದ ಉತ್ತಮ್. "ಮಳೆ ಜೊತೆ ಆಕಾಶದಿಂದ ಒಂದು ಥರದ ಬೆರಿಲಿಯಂ ಇಳಿಯುತ್ತೆ. ಆಳ ಇಲ್ಲದ ನೀರಿನ ಮೇಲ್ಮಣ್ಣಿಗೆ ಅಂಟಿಕೊಳ್ಳುತ್ತೆ. ಆದ್ರೆ ಅದಕ್ಕೆ ಆಯಸ್ಸು ಕಮ್ಮಿ. ಮಣ್ಣು ಎತ್ತಿ ಒಂದು ವರ್ಷ ಆಯ್ತು ಅಂದ್ರೆ ಹೇಳಹೆಸರಿಲ್ಲದ ಹಾಗೆ ಮಾಯ. ಇವತ್ತು ಮಧ್ಯಾಹ್ನಾನೇ ವಿಕಿರಣ ಅಳೆಯೋ ಕೌಂಟರ್‌ಗೆ ಹಾಕ್ತೀನಿ."

*

ಉತ್ತರ ಬಂದದ್ದು ಗೌರಿ ಬ್ರಿಸ್ಬೇನಿನಲ್ಲಿ ಇಳಿದು, ಕ್ಯಾಲಮ್‌ವೇಲ್ ದಾರಿಯ ಪೆಟ್ರೋಲ್ ಬಂಕ್ ಒಂದರಲ್ಲಿ ಬಾಡಿಗೆ ಕಾರಿಗೆ ಪೆಟ್ರೋಲ್ ಹಾಕಿಸುತ್ತಿದ್ದಾಗ.

"ಬೆರಿಲಿಯಂ ಇದೆ ಕಣೇ! ಕ್ಲಿಯರ್ ಆಗಿ ಕಾಣ್ತಿದೆ. ಈ ಮಣ್ಣು ಮೊನ್ನೆ ಮೊನ್ನೆವರೆಗೂ ಕ್ಯಾಸ್ಪಿಯನ್ ದಡದಲ್ಲಿತ್ತು. ಹೆಚ್ಚೆಂದ್ರೆ ನಾಲ್ಕೈದು ತಿಂಗಳು."

ಎರಡು ವರ್ಷದಿಂದ ಗೂಡಿನಲ್ಲಿ ಕೂತಿದ್ದ ಕಲಶದೊಳಗೆ ನಾಲ್ಕೈದು ತಿಂಗಳ ಹಿಂದಿನ ಮಣ್ಣು. ಹರ್ಷವರ್ಧನ ಹೇಳಿದ್ದು ನಿಜ. ಅವನು ಕಲಶ ಕೊಟ್ಟುಹೋದ ಎಷ್ಟೋ ದಿನಗಳ ಮೇಲೆ, ಯಾರೋ ಅದನ್ನು ತೆರೆದು ಒಳಗಿದ್ದದ್ದನ್ನು ಬದಲಾಯಿಸಿದ್ದರು.

ತುಂಗಮ್ಮ ಬಾಗಿಲಲ್ಲೇ ಕಾಯುತ್ತಿದ್ದರು. ಒಳಗೆ ಕರೆದು ಕೂರಿಸಿ, ಬೇಡವೆಂದರೂ ಉಪ್ಪಿಟ್ಟು ಬಡಿಸಿದರು. ಗೌರಿ ತಿನ್ನುವವರೆಗೂ ಏನೂ ಕೇಳಲಿಲ್ಲ. ಆಮೇಲೆ ಪ್ಯಾಟಿಯೋದಿಂದ ಕಲಶ ತಂದು ಊಟದ ಮೇಜಿನ ಮೇಲಿಟ್ಟು, ಸೆರಗಿನಿಂದ ಅದರ ಕತ್ತು ಒರೆಸಿದರು.

"ಹೇಳಮ್ಮ. ನನ್ನ ಮಗ ಇದರಲ್ಲಿ ಇಲ್ಲ ತಾನೇ?"

"ಇಲ್ಲ ಆಂಟಿ."

ತುಂಗಮ್ಮ ತಲೆಯಾಡಿಸಿದರು. ಅಳಲಿಲ್ಲ. ಕೈ ಮಾತ್ರ ಕಲಶದ ಮೇಲೇ ಇತ್ತು. ಗೌರಿ ಆ ಕೈಯ ಮೇಲೆ ತನ್ನ ಕೈಯಿಟ್ಟು, ಹರ್ಷವರ್ಧನನ ಮಾತುಗಳನ್ನು ಒಂದೊಂದಾಗಿ ಹೇಳಿದಳು.

"ಪಾಪದ ಹುಡುಗ," ಎಂದರು ತುಂಗಮ್ಮ. "ನಾನೇ ಅವನ ಬಾಯಿ ಕಟ್ಟಿದೆ. ಬರಿಗೈಲಿ ಬರಬೇಡ ಅಂದವಳು ನಾನೇ ಅಲ್ವಾ. ಅವನಿಗೆ ಹೇಳು, ಆಂಟಿಗೆ ಕೋಪ ಇಲ್ಲ ಅಂತ."

"ಹೇಳ್ತೀನಿ. ಆಂಟಿ, ಈ ವರ್ಷ ಈ ಕಲಶ ಮನೆ ಬಿಟ್ಟು ಎಲ್ಲಿಗಾದ್ರೂ ಹೋಗಿತ್ತಾ?"

"ಎಲ್ಲಿಗೆ ಹೋಗುತ್ತೆ? ನಾನೇ ದಿನಾ ನೋಡ್ತೀನಲ್ಲ." ಅವರು ಯೋಚಿಸಿದರು. "ಈಸ್ಟರ್ ಹೊತ್ತಲ್ಲಿ ಮಾತ್ರ ನಾನಿರಲಿಲ್ಲ. ಮಗಳ ಬಾಣಂತನಕ್ಕೆ ಅಡಿಲೇಡ್‌ಗೆ ಹೋಗಿದ್ದೆ. ಆಗ ಮನೇಲಿ ನಿಸರ್ಗ ಒಬ್ಬಳೇ..."

ಮಾತು ಅರ್ಧಕ್ಕೇ ನಿಂತಿತು. ಮುಂಬಾಗಿಲು ತೆರೆದ ಸದ್ದು. ಕೆಲಸದಿಂದ ಬೇಗ ಬಂದ ನಿಸರ್ಗ ಹೆಗಲಿನ ಬ್ಯಾಗ್ ಇಳಿಸುತ್ತ ಒಳಬಂದಳು. ಅಪರಿಚಿತಳನ್ನು ಕಂಡು ನಗಲು ಹೊರಟವಳ ಕಣ್ಣಿಗೆ ಮೇಜಿನ ಮೇಲಿದ್ದ ಕಲಶ ಬಿತ್ತು. ಅದರ ಬಾಯಿಗೆ ಕಟ್ಟಿದ್ದ ಕೆಂಪು ಬಟ್ಟೆ ಬಿಚ್ಚಿತ್ತು. ಮುಚ್ಚಳ ಪಕ್ಕಕ್ಕಿತ್ತು.

ಬ್ಯಾಗ್ ಅವಳ ಕೈಯಿಂದ ಜಾರಿತು.

"ಅತ್ತೆ, ತೆಗೆದ್ಬಿಟ್ರಾ?"

ನಿಸರ್ಗ ಬಂದು ಅತ್ತೆಯ ಕಾಲ ಬಳಿ ನೆಲದ ಮೇಲೇ ಕುಳಿತುಬಿಟ್ಟಳು.

"ನಾನೇ ಅತ್ತೆ. ನಾನೇ ತೆಗೆದದ್ದು. ನಿಮಗೆ ಹೇಳೋ ಧೈರ್ಯ ಆಗಲಿಲ್ಲ. ಅವರು ಯಾವಾಗ್ಲೂ ಹೇಳ್ತಿದ್ರು, ನಾನು ಸತ್ರೆ ಆ ಕಡಲಿಗೇ ಹಾಕಿ, ಅಲ್ಲಿನ ತಳದಲ್ಲಿ ಒಂದು ಪದರ ಆಗಿ ಕೂತ್ಕೋತೀನಿ ಅಂತ. ತಮಾಷೆಗೇ ಹೇಳ್ತಿದ್ರು. ನೀವು ಕಾವೇರಿ ಅಂತಿದ್ರಿ. ನನಗೆ ನಿದ್ದೆ ಬರ್ತಿರಲಿಲ್ಲ. ಈಸ್ಟರ್ ರಜದಲ್ಲಿ ಕಲಶ ತಗೊಂಡು ಬಾಕುಗೆ ಹೋದೆ."

"ಒಬ್ಬಳೇ?" ಎಂದರು ತುಂಗಮ್ಮ. ದನಿಯಲ್ಲಿ ಕೋಪವಿರಲಿಲ್ಲ. "ಅಷ್ಟು ದೂರ ಒಬ್ಬಳೇ ಹೋದೆಯಾ, ಕಂದಾ?"

ಆ ಮಾತಿಗೆ ನಿಸರ್ಗಳ ದುಃಖದ ಕಟ್ಟೆಯೊಡೆಯಿತು. ಅವಳು ಬಿಕ್ಕುತ್ತಲೇ ಹೇಳಿದಳು. ದಡದಲ್ಲಿ ನೀರಿಗಿಳಿದು, ತನ್ನ ಕೈಯಾರೆ ಅಸ್ಥಿ ಬಿಟ್ಟಿದ್ದಳು. ಖಾಲಿ ಕಲಶ ಕಂಡರೆ ಅತ್ತೆಯ ಎದೆಯೊಡೆಯುತ್ತದೆಂದು, ಕಾಲಡಿಯ ಬಿಳಿ ಮಣ್ಣನ್ನೇ ಬಾಚಿ ಒಣಗಿಸಿ ಅದಕ್ಕೆ ತುಂಬಿದ್ದಳು. ಕಾಗದಪತ್ರ ಹೇಗೂ ಜೊತೆಗಿತ್ತು. ವಿಮಾನ ನಿಲ್ದಾಣದಲ್ಲಿ ಗಂಡನ ಅಸ್ಥಿ ಎಂದು ಹೇಳಿದಾಗ ಅಧಿಕಾರಿ ಎದ್ದು ನಿಂತು ಸಾರಿ ಎಂದಿದ್ದನಂತೆ. ಮನೆಗೆ ಬಂದು ಅರಗು ಕರಗಿಸಿ ಹಚ್ಚಿದ್ದಳು.

ಒಬ್ಬ ಮಣ್ಣನ್ನು ಅಸ್ಥಿಯೆಂದು ತಂದ. ಇನ್ನೊಬ್ಬಳು ಅದನ್ನೇ ಅಸ್ಥಿಯೆಂದು ಕೊಂಡೊಯ್ದು ಕಡಲಿಗೆ ಬಿಟ್ಟು, ಮತ್ತೆ ಮಣ್ಣು ತಂದಳು. ಇಷ್ಟೇ ತಾನೇ ಕಥೆ, ಎಂದುಕೊಂಡಳು ಗೌರಿ. ಇದರಲ್ಲಿ ಅಪರಾಧಿ ಯಾರೂ ಇಲ್ಲ. ಇದನ್ನು ಇಲ್ಲಿಗೇ ಮುಗಿಸಿ, ಇವರಿಬ್ಬರನ್ನೂ ಅಳಲು ಬಿಟ್ಟು ಹೋಗಬಹುದು.

"ನಿಸರ್ಗ," ಎಂದಳು ಮೆತ್ತಗೆ. "ನೀವು ನೀರಿಗೆ ಬಿಟ್ಟಿದ್ದೂ ಮಣ್ಣೇ. ಕಪ್ಪು ಮಣ್ಣು. ಹರ್ಷವರ್ಧನ್ ಒಪ್ಪಿಕೊಂಡಿದ್ದಾರೆ. ಶ್ರೇಯಸ್ ಅವರ ದೇಹ ಸಿಗಲೇ ಇಲ್ಲವಂತೆ."

ನಿಸರ್ಗ ತಲೆಯೆತ್ತಿದಳು. ಅವಳ ಒದ್ದೆ ಮುಖದ ಮೇಲೆ ದುಃಖಕ್ಕಿಂತ ಹೆಚ್ಚಾಗಿ ಗೊಂದಲವಿತ್ತು.

"ಕಪ್ಪು ಮಣ್ಣಾ? ಏನು ಹೇಳ್ತಿದ್ದೀರಿ? ನಾನು ತೆಗೆದಾಗ ಮಣ್ಣು ಎಲ್ಲಿತ್ತು? ಬೂದಿ ಇತ್ತು. ಮೂಳೆ ಚೂರುಗಳಿದ್ವು. ನಾನೇ ಮುಟ್ಟಿದ್ದೀನಿ."

"ಕಣ್ಣೀರಲ್ಲಿ ಸರಿಯಾಗಿ..."

"ಹಲ್ಲಿನ ಚೂರು ಇತ್ತು ಮೇಡಂ!" ಅವಳು ಕೊರಳಿಗೆ ಕೈಹಾಕಿ ಸರಕ್ಕೆ ಕಟ್ಟಿದ್ದ ಪುಟ್ಟ ಬೆಳ್ಳಿ ಡಬ್ಬಿಯನ್ನು ಬಿಚ್ಚಿದಳು. "ಎಲ್ಲ ಬಿಟ್ಟೆ. ಇದೊಂದು ಮಾತ್ರ ಬಿಡೋಕೆ ಮನಸ್ಸು ಬರಲಿಲ್ಲ. ಬೂದಿಯೊಳಗೆ ಸಿಕ್ಕಿತು. ಅವರ ವಾಚಿಂದು ಅಂತ ಇಟ್ಕೊಂಡೆ."

ಗೌರಿಯ ಅಂಗೈ ಮೇಲೆ ಬಿದ್ದದ್ದು ಒಂದು ಲೋಹದ ತಿರುಪು. ಬೆಂಕಿಗೆ ಬಣ್ಣಗೆಟ್ಟಿತ್ತು. ಕಿರುಬೆರಳಿನ ಅರ್ಧದಷ್ಟು ಉದ್ದ. ಯಾವ ವಾಚಿನೊಳಗೂ ಇಷ್ಟು ದೊಡ್ಡ ತಿರುಪು ಹಿಡಿಸುವುದಿಲ್ಲ. ಹಳೆಯ ಪ್ರಯೋಗಾಲಯದಲ್ಲಿ ಇಂಥದ್ದನ್ನು ಅವಳು ಎಷ್ಟೋ ಸಲ ಕೈಯಲ್ಲಿ ಹಿಡಿದಿದ್ದಳು. ಮುರಿದ ಮೂಳೆಗೆ ಲೋಹದ ಪಟ್ಟಿ ಕೂರಿಸುವಾಗ ಡಾಕ್ಟರು ತಿರುವುವ ಸ್ಕ್ರೂ.

"ಶ್ರೇಯಸ್ ಅವರಿಗೆ ಯಾವತ್ತಾದ್ರೂ ಕೈಯೋ ಕಾಲೋ ಮುರಿದಿತ್ತಾ? ಆಪರೇಷನ್ ಏನಾದ್ರೂ?"

"ಇಲ್ಲ," ಎಂದಳು ನಿಸರ್ಗ.

ತುಂಗಮ್ಮ ತಿರುಪನ್ನು ನೋಡಿದರು. ಆಮೇಲೆ ಗೌರಿಯನ್ನು. "ನನ್ನ ಮಗನ ಮೈಮೇಲೆ ಒಂದು ಹೊಲಿಗೆ ಕೂಡ ಇರಲಿಲ್ಲಮ್ಮ."

ಒಂದು ರಾತ್ರಿ ಕಲಶವನ್ನು ತನ್ನ ಬಳಿ ಇಟ್ಟುಕೊಂಡು, ಒಂದು ಮಾತೂ ಕೇಳದೆ ಅರಗು ಹಾಕಿಸಿ ತಂದ ಹಡಗಿನ ಏಜೆಂಟ್ ಗೌರಿಗೆ ನೆನಪಾದ. ನಿಸರ್ಗ ತನ್ನೆರಡು ಕೈಗಳನ್ನೂ ಬಿಡಿಸಿ ನೋಡಿಕೊಂಡಳು. ನೀರಿನೊಳಗೆ ನಿಂತು ಅಸ್ಥಿ ಬಿಟ್ಟ ಕೈಗಳು.

"ಹಾಗಾದ್ರೆ ಅಲ್ಲಿ ನಾನು ಬಿಟ್ಟು ಬಂದದ್ದು ಯಾರನ್ನ?"